ಚುಕ್ಕೆ ಬಿದ್ದ ಬಾಳೆಹಣ್ಣು ತಿಪ್ಪೆಗೆ ಹಾಕ್ಬೇಡಿ: ಮನೆಯಲ್ಲಿರೋ ಸಾಮಾನಲ್ಲೇ ಎರಡು ಸಿಹಿ, ಅಂಗಡಿಯವರಿಗೂ ಲಾಭ

ಹಬ್ಬ, ಪೂಜೆ, ಗೃಹಪ್ರವೇಶ ಯಾವುದೇ ಇರಲಿ, ಮುಗಿದ ಮೂರನೇ ದಿನಕ್ಕೆ ಮನೆಯಲ್ಲಿ ಉಳಿಯೋದು ಒಂದೇ: ಬಾಳೆಹಣ್ಣು. ತಾಂಬೂಲದಲ್ಲಿ ಬಂದದ್ದು, ದೇವರ ಮುಂದೆ ಇಟ್ಟದ್ದು, ನೆಂಟರು ತಂದದ್ದು ಎಲ್ಲ ಸೇರಿ ಎರಡು ಮೂರು ಚಿಪ್ಪು ಆಗಿರುತ್ತೆ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಿದ್ದ ಕೂಡಲೇ ಮಕ್ಕಳು ಮುಟ್ಟಲ್ಲ, ದೊಡ್ಡವರು ಮೂಸಿ ನೋಡಿ ಪಕ್ಕಕ್ಕಿಡ್ತಾರೆ. ಕೊನೆಗೆ ಅದು ಹೋಗೋದು ಕಸದ ಗಾಡಿಗೆ. ಹಣ್ಣಿನಂಗಡಿಯಲ್ಲೂ ಇದೇ ಕಥೆ. ಬೆಳಗ್ಗೆ ಹಳದಿ ಇದ್ದ ಚಿಪ್ಪು ಮಾರನೇ ದಿನ ಚುಕ್ಕೆ ಬಿದ್ದರೆ ಗಿರಾಕಿ ಕೈ ಹಾಕಲ್ಲ.

ಆದರೆ ಸಿಹಿ ಮಾಡೋಕೆ ಬೇಕಾಗಿರೋದು ಆ ಚುಕ್ಕೆ ಬಿದ್ದ ಹಣ್ಣೇ. ನುಣುಪಾದ ಹಳದಿ ಹಣ್ಣು ನೋಡೋಕೆ ಚಂದ, ಪಾತ್ರೆಗೆ ಬಿದ್ದರೆ ಅಷ್ಟು ರುಚಿ ಕೊಡಲ್ಲ. ಬೆಲ್ಲ, ತೆಂಗಿನಕಾಯಿ, ರವೆ, ಸಕ್ಕರೆ, ತುಪ್ಪ, ಏಲಕ್ಕಿ ಇಷ್ಟು ಮನೆಯಲ್ಲಿದ್ದರೆ ಸಾಕು. ಒಲೆ ಹಚ್ಚದೆ ಹತ್ತು ನಿಮಿಷದಲ್ಲಿ ರಸಾಯನ, ಒಲೆ ಹಚ್ಚಿ ಅರ್ಧ ಗಂಟೆಯಲ್ಲಿ ಸಪಾದ ಮಾಡಬಹುದು. ಯಾವ ಹಣ್ಣಿಗೆ ಯಾವ ಸಿಹಿ, ಅಳತೆ ಎಷ್ಟು, ಎಲ್ಲಿ ಕೆಡುತ್ತೆ, ಅಂಗಡಿಯವರು ಏನು ಮಾಡಬಹುದು ಅನ್ನೋ ವಿವರ ಇಲ್ಲಿದೆ.

ಚುಕ್ಕೆ ಬಿದ್ದಾಗ ಹಣ್ಣಿನೊಳಗೆ ಏನಾಗುತ್ತೆ?

ಬಾಳೆಕಾಯಿಯ ತಿರುಳಲ್ಲಿ ಹೆಚ್ಚಾಗಿರೋದು ಪಿಷ್ಟ. ಅಕ್ಕಿ, ಆಲೂಗಡ್ಡೆಯಲ್ಲಿ ಇರೋ ಅಂಥದ್ದೇ. ಕಾಯಿ ಮಾಗುತ್ತಾ ಹೋದಂತೆ ಈ ಪಿಷ್ಟ ಸಕ್ಕರೆಯಾಗುತ್ತೆ, ತಿರುಳು ಮೆತ್ತಗಾಗುತ್ತೆ, ಪರಿಮಳ ಬರುತ್ತೆ. ಸಿಪ್ಪೆ ಹಳದಿಯಾದ ಮೊದಲ ದಿನ ಈ ಕೆಲಸ ಪೂರ್ತಿ ಮುಗಿದಿರಲ್ಲ, ಹಾಗಾಗಿ ಹಣ್ಣು ಸ್ವಲ್ಪ ಒಗರು ಇರುತ್ತೆ. ಕಂದು ಚುಕ್ಕೆ ಕಾಣಿಸಿಕೊಳ್ಳೋ ಹೊತ್ತಿಗೆ ಪಿಷ್ಟ ಬಹುಪಾಲು ಕರಗಿ ಸಿಹಿಯಾಗಿರುತ್ತೆ. ಅಂದರೆ ಚುಕ್ಕೆ ಕೊಳೆತದ್ದರ ಗುರುತಲ್ಲ, ಪೂರ್ತಿ ಮಾಗಿದ್ದರ ಗುರುತು.

ಇದರಿಂದ ಇನ್ನೊಂದು ಉಳಿತಾಯ ಇದೆ. ಚುಕ್ಕೆ ಬಿದ್ದ ಹಣ್ಣು ತಾನೇ ಸಿಹಿ ಇರೋದರಿಂದ ಬೆಲ್ಲ, ಸಕ್ಕರೆ ಕಡಿಮೆ ಸಾಕು.

ಎಸೆಯಬೇಕಾದ ಹಣ್ಣು ಯಾವುದು?

ಚುಕ್ಕೆ ಇದ್ದರೆ ಬಳಸಿ ಅಂದ ಮಾತ್ರಕ್ಕೆ ಎಲ್ಲವನ್ನೂ ಬಳಸಬೇಡಿ. ಕೆಳಗಿನ ಯಾವುದಾದರೂ ಒಂದು ಕಂಡರೂ ಆ ಹಣ್ಣು ಬೇಡ:

- ತೊಟ್ಟಿನ ಹತ್ತಿರ ಅಥವಾ ಸಿಪ್ಪೆ ಮೇಲೆ ಬಿಳಿ, ಬೂದು ಬೂಷ್ಟು ಇದ್ದರೆ
- ಸಿಪ್ಪೆ ಒಡೆದು ನೀರು ಸುರೀತಿದ್ದರೆ
- ಹುಳಿ ವಾಸನೆ ಅಥವಾ ಹೆಂಡದಂಥ ವಾಸನೆ ಬರ್ತಿದ್ದರೆ
- ಸುಲಿದಾಗ ತಿರುಳು ಪೂರ್ತಿ ಕಪ್ಪಾಗಿ ನೀರುನೀರಾಗಿದ್ದರೆ

ಪೆಟ್ಟು ಬಿದ್ದು ಒಂದು ಕಡೆ ಮಾತ್ರ ಕಂದಾಗಿದ್ದರೆ ಆ ಭಾಗ ಕತ್ತರಿಸಿ ತೆಗೆದು ಉಳಿದದ್ದು ಬಳಸಬಹುದು. ಬೂಷ್ಟು ಬಂದಿದ್ದರೆ ಮಾತ್ರ ಕತ್ತರಿಸಿ ಉಳಿಸೋಕೆ ಹೋಗಬೇಡಿ, ಇಡೀ ಹಣ್ಣು ಬಿಸಾಕಿ. ಸಿಪ್ಪೆಯನ್ನು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ರಸ್ತೆ ಬದಿ ಎಸೀಬೇಡಿ. ಹಸುಗಳು ಕವರ್ ಸಮೇತ ನುಂಗುತ್ತವೆ.

ಯಾವ ಹಣ್ಣಿಗೆ ಯಾವ ಸಿಹಿ?

- ಹಳದಿ ಸಿಪ್ಪೆ, ಅಲ್ಲಲ್ಲಿ ಸಣ್ಣ ಚುಕ್ಕೆ, ತಿರುಳು ಹೆಚ್ಚಿದರೆ ಬಿಲ್ಲೆ ನಿಲ್ಲುತ್ತೆ: ರಸಾಯನಕ್ಕೆ
- ಚುಕ್ಕೆ ಜಾಸ್ತಿ, ಒತ್ತಿದರೆ ಮೆತ್ತಗೆ: ಸಪಾದಕ್ಕೆ
- ಸಿಪ್ಪೆ ಬಹುತೇಕ ಕಪ್ಪು, ಆದರೆ ವಾಸನೆ ಚೆನ್ನಾಗಿದೆ, ತಿರುಳು ಬಿಳಿಯಾಗೇ ಇದೆ: ಬನ್ಸ್, ಮುಳುಕದಂಥ ಕರಿದ ತಿಂಡಿಗೆ

ತಳಿ ವಿಷಯಕ್ಕೆ ಬಂದರೆ, ರಸಾಯನಕ್ಕೆ ಏಲಕ್ಕಿ ಬಾಳೆ (ಪುಟ್ಟಬಾಳೆ) ಒಳ್ಳೇದು. ಸಣ್ಣ ಹುಳಿ ಇರುತ್ತೆ, ಬಿಲ್ಲೆ ಬೇಗ ಕರಗಲ್ಲ. ಪಚ್ಚಬಾಳೆ ಬೇಗ ಮೆತ್ತಗಾಗೋದರಿಂದ ಸಪಾದಕ್ಕೆ ಸರಿಹೋಗುತ್ತೆ. ಭೌಗೋಳಿಕ ಮಾನ್ಯತೆ ಸಿಕ್ಕಿರೋ ನಂಜನಗೂಡು ರಸಬಾಳೆ, ಕಲಬುರಗಿ ಕಡೆಯ ಕಮಲಾಪುರ ಕೆಂಬಾಳೆ ಸಿಕ್ಕರೆ ಹಾಗೇ ತಿನ್ನಿ, ಬೇಯಿಸಿ ಅವುಗಳ ಪರಿಮಳ ಹಾಳು ಮಾಡಬೇಡಿ. ನೇಂದ್ರ ಬಾಳೆಯಲ್ಲಿ ಪಿಷ್ಟ ಜಾಸ್ತಿ. ಪೂರ್ತಿ ಮಾಗದ ಹೊರತು ರಸಾಯನಕ್ಕೆ ಹೊಂದಲ್ಲ.

ಒಲೆ ಬೇಡದ ಸಿಹಿ: ಬಾಳೆಹಣ್ಣಿನ ರಸಾಯನ

ಕರಾವಳಿ, ಮಲೆನಾಡಲ್ಲಿ ಕಾಯಿಹಾಲು ಹಾಕಿ ತೆಳ್ಳಗೆ ಮಾಡ್ತಾರೆ. ಬಯಲುಸೀಮೆಯ ಎಷ್ಟೋ ಮನೆಗಳಲ್ಲಿ ಕಾಯಿತುರಿಯನ್ನೇ ನೇರವಾಗಿ ಹಾಕಿ ಗಟ್ಟಿಯಾಗಿ ಮಾಡೋ ರೂಢಿ. ಉತ್ತರ ಕರ್ನಾಟಕದ ಶೀಕರಣಿ ಹಾಲು ಸೇರಿಸಿ ಮಾಡೋದು, ಚಪಾತಿ, ಹೋಳಿಗೆ ಜೊತೆ ನಡೆಯುತ್ತೆ. ಹೆಸರು, ಅಳತೆ ಬೇರೆ ಬೇರೆಯಾದರೂ ಮೂಲ ಒಂದೇ: ಮಾಗಿದ ಹಣ್ಣು, ಸಿಹಿ, ಏಲಕ್ಕಿ.

ನಾಲ್ಕು ಜನಕ್ಕೆ ಬೇಕಾಗೋದು (ಇಲ್ಲಿ ಒಂದು ಲೋಟ ಅಂದರೆ ಸುಮಾರು 200 ಮಿ.ಲೀ.):

- ಏಲಕ್ಕಿ ಬಾಳೆಹಣ್ಣು 8, ಪಚ್ಚಬಾಳೆ ಆದರೆ 3 ಅಥವಾ 4
- ಪುಡಿ ಮಾಡಿದ ಬೆಲ್ಲ ಅರ್ಧ ಲೋಟ, ಹಣ್ಣು ತುಂಬಾ ಸಿಹಿ ಇದ್ದರೆ ಇನ್ನೂ ಕಡಿಮೆ
- ತೆಂಗಿನಕಾಯಿ ಅರ್ಧ ಹೋಳು
- ಏಲಕ್ಕಿ 3 ಅಥವಾ 4
- ಉಪ್ಪು ಒಂದು ಚಿಟಿಕೆ
- ಹುರಿದ ಬಿಳಿ ಎಳ್ಳು 1 ಚಮಚ (ಇದ್ದರೆ ಮಾತ್ರ)

ಮಾಡೋ ರೀತಿ:

1. ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಸೋಸಿ. ಅಂಗಡಿ ಬೆಲ್ಲದಲ್ಲಿ ಮರಳು, ಕಬ್ಬಿನ ನಾರು ಇರೋದು ಸಾಮಾನ್ಯ. ಬಿಸಿ ಮಾಡಿ ಕರಗಿಸಿದ್ದರೆ ಪೂರ್ತಿ ಆರಲು ಬಿಡಿ.
2. ಕಾಯಿ ತುರಿದು ಅರ್ಧ ಲೋಟ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ. ತೆಳು ಬಟ್ಟೆಯಲ್ಲಿ ಹಿಂಡಿ ಗಟ್ಟಿ ಹಾಲು ತೆಗೆಯಿರಿ. ಹಿಂಡೋ ರಗಳೆ ಬೇಡ ಅಂದರೆ ಅರ್ಧ ಲೋಟ ಕಾಯಿತುರಿಯನ್ನೇ ಹಾಕಿ.
3. ಏಲಕ್ಕಿ ಕುಟ್ಟಿ ಪುಡಿ ಮಾಡಿ. ಹಳೇ ಡಬ್ಬಿ ಪುಡಿಗಿಂತ ಆಗಷ್ಟೇ ಕುಟ್ಟಿದ್ದು ಎರಡು ಪಾಲು ಘಮ ಕೊಡುತ್ತೆ.
4. ಹಣ್ಣನ್ನು ಕೊನೆಯಲ್ಲಿ ಸುಲಿದು ತೆಳುವಾಗಿ ಹೆಚ್ಚಿ. ಕಾಲು ಭಾಗವನ್ನು ಕೈಯಲ್ಲಿ ಕಿವುಚಿ, ಉಳಿದದ್ದು ಬಿಲ್ಲೆಯಾಗೇ ಇರಲಿ. ಕಿವುಚಿದ ಹಣ್ಣು ರಸ ಗಟ್ಟಿ ಮಾಡುತ್ತೆ, ಬಿಲ್ಲೆ ಬಾಯಿಗೆ ಸಿಗುತ್ತೆ.
5. ಬೆಲ್ಲದ ನೀರು, ಕಾಯಿಹಾಲು, ಏಲಕ್ಕಿ, ಉಪ್ಪು ಸೇರಿಸಿ ಹಗುರವಾಗಿ ಕಲಸಿ. ಐದು ನಿಮಿಷ ಬಿಟ್ಟು ಬಡಿಸಿ.

ಒತ್ತುಶಾವಿಗೆ, ನೀರುದೋಸೆ, ನೆನೆಸಿದ ಅವಲಕ್ಕಿ ಯಾವುದರ ಜೊತೆಗಾದರೂ ಸರಿ. ಏನೂ ಇಲ್ಲದಿದ್ದರೆ ಬಟ್ಟಲಿಗೆ ಹಾಕಿಕೊಂಡು ಹಾಗೇ ತಿನ್ನಬಹುದು.

ರಸಾಯನ ಕೆಡೋದು ಮೂರು ಕಡೆ. ಮೊದಲನೇದು, ಬಿಸಿ ಬೆಲ್ಲದ ಪಾಕಕ್ಕೆ ಕಾಯಿಹಾಲು ಹಾಕೋದು. ಬಿಸಿಗೆ ಕಾಯಿಹಾಲು ಒಡೆದು ಜಿಡ್ಡು ಬೇರೆ, ನೀರು ಬೇರೆ ಆಗುತ್ತೆ. ಎರಡನೇದು, ಕಾಯಿಹಾಲಿನ ಬದಲು ಬಿಸಿ ಹಸುವಿನ ಹಾಲಿಗೆ ಬೆಲ್ಲ ಹಾಕೋದು. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರೋದರಿಂದ ಹಾಲು ಒಡೆಯುತ್ತೆ. ಹಾಲು ಹಾಕೋದಾದರೆ ಕಾಯಿಸಿ ಪೂರ್ತಿ ಆರಿಸಿ, ಬೆಲ್ಲದ ಬದಲು ಸಕ್ಕರೆ ಬಳಸಿ. ಮೂರನೇದು, ಬೆಳಗ್ಗೆ ಮಾಡಿಟ್ಟು ಸಂಜೆ ಬಡಿಸೋದು. ಕಾಯಿಹಾಲು ಸೆಕೆಗೆ ಬಹಳ ಬೇಗ ಹುಳಿಯಾಗುತ್ತೆ. ಮಾಡಿದ ಎರಡು ಗಂಟೆಯೊಳಗೆ ಖಾಲಿ ಮಾಡಿ. ಸಮಾರಂಭಕ್ಕೆ ಬೇಕಿದ್ದರೆ ಬೆಲ್ಲದ ನೀರು, ಕಾಯಿಹಾಲು ಬೇರೆ ಬೇರೆ ಮಾಡಿ ಫ್ರಿಜ್ಜಿನಲ್ಲಿಡಿ. ಎಲೆ ಹಾಕೋ ಹೊತ್ತಿಗೆ ಹಣ್ಣು ಹೆಚ್ಚಿ ಸೇರಿಸಿ.

ಇನ್ನೊಂದು ಮಾತು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ರಸಾಯನವನ್ನಾಗಲಿ ಪಂಚಾಮೃತವನ್ನಾಗಲಿ ಇಡಬೇಡಿ. ಹುಳಿ ಅಂಶ ಲೋಹವನ್ನು ಎಳೆದುಕೊಳ್ಳುತ್ತೆ. ಸ್ಟೀಲು ಪಾತ್ರೆಯೇ ಸರಿ.

ಒಲೆ ಮೇಲಿನ ಸಿಹಿ: ಸಪಾದ

ಸತ್ಯನಾರಾಯಣ ಪೂಜೆಯ ಪ್ರಸಾದ ತಿಂದವರಿಗೆ ಇದು ಹೊಸದಲ್ಲ. ಸಪಾದ ಅಂದರೆ ಒಂದೂಕಾಲು. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಎಲ್ಲವನ್ನೂ ಒಂದೂಕಾಲು ಅಳತೆಯಲ್ಲಿ ಹಾಕೋದರಿಂದ ಆ ಹೆಸರು. ಪೂಜೆಗೆ ನಿಮ್ಮ ಮನೆಯ ಪದ್ಧತಿಯ ಅಳತೆಯೇ ಇರಲಿ. ಸುಮ್ಮನೆ ಸಂಜೆ ತಿನ್ನೋಕೆ ಅಷ್ಟು ತುಪ್ಪ, ಸಕ್ಕರೆ ಬೇಕಾಗಲ್ಲ. ಕೆಳಗಿನ ಅಳತೆ ದಿನಬಳಕೆಗೆ ಇಳಿಸಿದ್ದು.

ಐದಾರು ಜನಕ್ಕೆ ಬೇಕಾಗೋದು:

- ಸಣ್ಣ ರವೆ 1 ಲೋಟ
- ಸಕ್ಕರೆ ಮುಕ್ಕಾಲು ಲೋಟ
- ತುಪ್ಪ ಅರ್ಧ ಲೋಟ
- ಹಾಲು 1 ಲೋಟ, ನೀರು ಒಂದೂವರೆ ಲೋಟ
- ಚೆನ್ನಾಗಿ ಮಾಗಿದ ಏಲಕ್ಕಿ ಬಾಳೆಹಣ್ಣು 4, ಪಚ್ಚಬಾಳೆ ಆದರೆ 2
- ಏಲಕ್ಕಿ ಪುಡಿ ಅರ್ಧ ಚಮಚ, ಗೋಡಂಬಿ, ದ್ರಾಕ್ಷಿ ಇದ್ದಷ್ಟು

ಮಾಡೋ ರೀತಿ:

1. ದಪ್ಪ ತಳದ ಬಾಣಲೆಯಲ್ಲಿ ಎರಡು ಚಮಚ ತುಪ್ಪ ಹಾಕಿ ಗೋಡಂಬಿ, ದ್ರಾಕ್ಷಿ ಹುರಿದು ತೆಗೆದಿಡಿ.
2. ಉಳಿದ ತುಪ್ಪದಲ್ಲಿ ಮುಕ್ಕಾಲು ಪಾಲು ಹಾಕಿ, ರವೆ ಸುರಿದು ಸಣ್ಣ ಉರಿಯಲ್ಲಿ ಆರೇಳು ನಿಮಿಷ ಹುರಿಯಿರಿ. ಘಮ್ಮೆನ್ನಬೇಕು, ಕೆಂಪಾಗಬಾರದು.
3. ಪಕ್ಕದ ಒಲೆಯಲ್ಲಿ ಹಾಲು, ನೀರು ಸೇರಿಸಿ ಕುದಿಯಲು ಇಡಿ.
4. ಹುರಿದ ರವೆಗೆ ಹಣ್ಣು ಕಿವುಚಿ ಹಾಕಿ ಎರಡು ನಿಮಿಷ ಕೈಯಾಡಿಸಿ. ಹಣ್ಣು ತುಪ್ಪದಲ್ಲಿ ಬಾಡಿದಾಗ ಬರೋ ಪರಿಮಳವೇ ಈ ಸಿಹಿಯ ಜೀವಾಳ.
5. ಕುದಿಯೋ ಹಾಲುನೀರನ್ನು ಸ್ವಲ್ಪ ಸ್ವಲ್ಪ ಸುರಿಯುತ್ತಾ ಸೌಟಲ್ಲಿ ತಿರುಗಿಸಿ. ಸಿಡಿಯುತ್ತೆ, ಕೈ ಜೋಪಾನ. ಮಕ್ಕಳನ್ನು ಒಲೆ ಹತ್ತಿರ ಬಿಡಬೇಡಿ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಬೇಯಿಸಿ.
6. ರವೆ ಪೂರ್ತಿ ಅರಳಿದ ಮೇಲೆ ಸಕ್ಕರೆ ಹಾಕಿ. ಮೊದಲು ನೀರಾಗುತ್ತೆ, ಹೆದರಬೇಡಿ. ಕೈಯಾಡಿಸುತ್ತಾ ಇದ್ದರೆ ಮತ್ತೆ ಗಟ್ಟಿಯಾಗಿ ಬಾಣಲೆ ಬಿಡುತ್ತೆ.
7. ಉಳಿದ ತುಪ್ಪ, ಏಲಕ್ಕಿ ಪುಡಿ, ಗೋಡಂಬಿ, ದ್ರಾಕ್ಷಿ ಹಾಕಿ ಇಳಿಸಿ. ಐದು ನಿಮಿಷ ಮುಚ್ಚಿಡಿ.

ಸಕ್ಕರೆಯನ್ನು ಕೊನೆಯಲ್ಲಿ ಯಾಕೆ ಹಾಕಬೇಕು? ಸಕ್ಕರೆ ನೀರನ್ನು ಹಿಡಿದುಕೊಳ್ಳುತ್ತೆ. ಮೊದಲೇ ಹಾಕಿದರೆ ರವೆಗೆ ಬೇಯೋಕೆ ನೀರು ಸಾಲದೆ ಕಾಳುಕಾಳಾಗಿ ಹಲ್ಲಿಗೆ ಸಿಗುತ್ತೆ. ಹಾಲುನೀರು ಕುದೀತಾ ಇರಬೇಕು ಅನ್ನೋದಕ್ಕೂ ಕಾರಣ ಇದೆ. ತಣ್ಣಗಿದ್ದರೆ ಗಂಟು ಕಟ್ಟೋದು ಜಾಸ್ತಿ. ಹಾಲು ಇಲ್ಲದಿದ್ದರೆ ಪೂರ್ತಿ ನೀರಲ್ಲೇ ಮಾಡಬಹುದು, ರುಚಿ ಸ್ವಲ್ಪ ಇಳಿಯುತ್ತೆ ಅಷ್ಟೇ. ಬೆಲ್ಲದಲ್ಲಿ ಮಾಡೋರು ಹಾಲು ಬಿಟ್ಟು ನೀರೇ ಹಾಕಿ, ಸೋಸಿದ ಬೆಲ್ಲದ ಪಾಕವನ್ನು ರವೆ ಬೆಂದ ಮೇಲೆ ಸೇರಿಸಿ.

ಇದೇ ವಿಧಾನದಲ್ಲಿ ಬಾಳೆಹಣ್ಣಿನ ಬದಲು ಅನಾನಸ್ ಹಾಕಿದರೆ ಹೋಟೆಲಿನ ಪೈನಾಪಲ್ ಕೇಸರಿಬಾತ್. ಆದರೆ ಅನಾನಸ್ ಹುಳಿ ಹಣ್ಣು. ಹಾಲು ಹಾಕಬೇಡಿ, ಹಣ್ಣನ್ನು ಸ್ವಲ್ಪ ಸಕ್ಕರೆಯಲ್ಲಿ ಬೇಯಿಸಿಕೊಂಡು ಆಮೇಲೆ ಸೇರಿಸಿ.

ಇವತ್ತು ಆಗಲ್ಲ ಅಂದರೆ ಹಣ್ಣು ಉಳಿಸೋದು ಹೇಗೆ?

ಬಾಳೆಹಣ್ಣು ಮಾಗುವಾಗ ಎಥಿಲೀನ್ ಅನ್ನೋ ಅನಿಲ ಬಿಡುತ್ತೆ. ಅದೇ ಅನಿಲ ಪಕ್ಕದ ಹಣ್ಣನ್ನೂ ಬೇಗ ಮಾಗಿಸುತ್ತೆ. ಪೂರ್ತಿ ಮಾಗಿದ ಹಣ್ಣನ್ನು ಕಾಯಿಯ ಜೊತೆ ಒಂದೇ ಬುಟ್ಟಿಯಲ್ಲಿಟ್ಟರೆ ಎಲ್ಲವೂ ಒಟ್ಟಿಗೆ ಮಾಗಿ ಒಟ್ಟಿಗೆ ಕೆಡುತ್ತೆ. ಬೇರೆ ಬೇರೆ ಇಡಿ. ಬಿಗಿ ಕಟ್ಟಿದ ಪ್ಲಾಸ್ಟಿಕ್ ಕವರಿಂದ ತೆಗೆದುಬಿಡಿ. ಗಾಳಿಯಾಡೋ ಕಡೆ ನೇತುಹಾಕಿದರೆ ಪೆಟ್ಟು ಬೀಳಲ್ಲ.

ಚೆನ್ನಾಗಿ ಮಾಗಿದ ಹಣ್ಣನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಬೇಗ ಕಪ್ಪಾಗುತ್ತೆ. ಅದು ಚಳಿಗೆ ಸಿಪ್ಪೆಗೆ ಆಗೋ ತೊಂದರೆ, ತಿರುಳು ಇನ್ನೂ ಎರಡು ಮೂರು ದಿನ ಚೆನ್ನಾಗಿರುತ್ತೆ. ಇನ್ನೂ ಹೆಚ್ಚು ದಿನ ಬೇಕಾದರೆ ಸುಲಿದು, ತುಂಡು ಮಾಡಿ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಹೊರಗೆ ತೆಗೆದಾಗ ಮೆತ್ತಗಾಗುತ್ತೆ, ರಸಾಯನಕ್ಕೆ ಬರಲ್ಲ. ಸಪಾದಕ್ಕೆ, ಬನ್ಸಿಗೆ ಧಾರಾಳವಾಗಿ ಬಳಸಬಹುದು.

ಅಂಗಡಿಯವರಿಗೆ: ಎಸೆಯೋ ಎರಡು ಕೆಜಿಯಲ್ಲೇ ಲಾಭ ಇದೆ

ಲೆಕ್ಕಕ್ಕೆ ಅಂತ ಒಂದು ಉದಾಹರಣೆ ತಗೊಳ್ಳೋಣ. ನಿಮ್ಮ ದರ ಬೇರೆ ಇರಬಹುದು, ಲೆಕ್ಕದ ರೀತಿ ಒಂದೇ. ಕೆಜಿಗೆ 50 ರೂಪಾಯಿಯಂತೆ 10 ಕೆಜಿ ತಂದಿರಿ, ಬಂಡವಾಳ 500. ಕೆಜಿಗೆ 70ರಂತೆ 8 ಕೆಜಿ ಮಾರಿದಿರಿ, ಬಂದದ್ದು 560. ಚುಕ್ಕೆ ಬಿದ್ದ 2 ಕೆಜಿ ಎಸೆದರೆ ಕೈಗೆ ಉಳಿಯೋದು 60 ರೂಪಾಯಿ. ಅದೇ 2 ಕೆಜಿಯನ್ನು ಅರ್ಧ ಬೆಲೆಗೆ, ಅಂದರೆ 35ರಂತೆ ಕೊಟ್ಟರೆ ಇನ್ನೂ 70 ಬರುತ್ತೆ. ಉಳಿದದ್ದು 130. ಅಂದರೆ ಎರಡು ಪಟ್ಟಿಗಿಂತ ಹೆಚ್ಚು. ಬಾಡಿಗೆ, ಗಾಡಿ ಖರ್ಚು ಎರಡೂ ಕಡೆ ಅಷ್ಟೇ ಇರುತ್ತೆ.

ಹೀಗೆ ಮಾಡಿ ನೋಡಿ:

- ದಿನಾ ಸಂಜೆ ಚಿಪ್ಪುಗಳನ್ನು ಬೇರ್ಪಡಿಸಿ. ಚುಕ್ಕೆ ಬಿದ್ದದ್ದು ಬೇರೆ ಬುಟ್ಟಿಗೆ ಹೋಗಲಿ. ಹಳದಿ ಹಣ್ಣಿನ ಮಧ್ಯೆ ಇಟ್ಟರೆ ಗಿರಾಕಿ ಇಡೀ ಬುಟ್ಟಿಯನ್ನೇ ಹಳೇದು ಅಂದುಕೊಳ್ತಾರೆ.
- ಬುಟ್ಟಿಗೆ "ಸಿಹಿ ಮಾಡೋ ಹಣ್ಣು, ಅರ್ಧ ಬೆಲೆ, ಇವತ್ತೇ ಬಳಸಿ" ಅಂತ ಬೋರ್ಡ್ ಹಾಕಿ. ಮುಚ್ಚಿಟ್ಟು ಕವರ್ ತಳಕ್ಕೆ ಹಾಕಿದರೆ ಗಿರಾಕಿ ಮತ್ತೆ ಬರಲ್ಲ. ಹೇಳಿ ಕೊಟ್ಟರೆ ಅದಕ್ಕೇ ಅಂತ ಬರ್ತಾರೆ.
- ಕಿರಾಣಿ ಅಂಗಡಿಯಾದರೆ ಹಣ್ಣಿನ ಪಕ್ಕದಲ್ಲೇ ಅರ್ಧ ಕೆಜಿ ಬೆಲ್ಲ, ತೆಂಗಿನಕಾಯಿ, ಸಣ್ಣ ಏಲಕ್ಕಿ ಪ್ಯಾಕೆಟ್ ಇಡಿ. ಹಣ್ಣಿಗೆ ಬಿಟ್ಟ ಬೆಲೆ ಉಳಿದ ಸಾಮಾನಲ್ಲಿ ಬರುತ್ತೆ.
- ಹತ್ತಿರದ ಹೋಟೆಲು, ಅಡುಗೆ ಕಂಟ್ರಾಕ್ಟರ್ ಹತ್ತಿರ ಮಾತಾಡಿ. ಮಂಗಳೂರು ಬನ್ಸ್ ಮಾಡೋರಿಗೆ ಅತಿಯಾಗಿ ಮಾಗಿದ ಹಣ್ಣೇ ಬೇಕು. ಮೈದಾ, ಮೊಸರು, ಸಕ್ಕರೆ, ಚಿಟಿಕೆ ಸೋಡಾ ಜೊತೆ ಕಲಸೋದು ಅದನ್ನೇ.
- ಬೂಷ್ಟು ಬಂದದ್ದು, ನೀರು ಸುರಿಯೋದು ಯಾವ ಬೆಲೆಗೂ ಬೇಡ.

ಅಂಗಡಿಯಲ್ಲೇ ಹಣ್ಣು ಹೆಚ್ಚಿ, ಸಿಹಿ ಮಾಡಿ ಮಾರೋ ಯೋಚನೆ ಇದ್ದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಸಣ್ಣ ಅಂಗಡಿಗೂ ಬೇಕು. ಹಣ್ಣು ಮಾಗಿಸೋ ವಿಷಯದಲ್ಲೂ ಕಾನೂನು ಸ್ಪಷ್ಟ. 2011ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಮಾಗಿಸಿದ ಹಣ್ಣು ಮಾರುವಂತಿಲ್ಲ. ಎಥಿಲೀನ್ ಅನಿಲವನ್ನು ಮಿತಿಯೊಳಗೆ ಬಳಸೋಕೆ ಅವಕಾಶ ಇದೆ. ಗಿರಾಕಿಗಳೂ ಗಮನಿಸಿ: ಸಿಪ್ಪೆ ಮಾತ್ರ ಹಳದಿ, ಒಳಗೆ ತಿರುಳು ಗಟ್ಟಿ ಇರೋ ಹಣ್ಣಲ್ಲಿ ಪಿಷ್ಟ ಇನ್ನೂ ಸಿಹಿಯಾಗಿರಲ್ಲ. ಅದರಲ್ಲಿ ಎಷ್ಟು ಬೆಲ್ಲ ಸುರಿದರೂ ರಸಾಯನ ಒಗರೇ.

ಸಾಮಾನ್ಯವಾಗಿ ಕೇಳೋ ಪ್ರಶ್ನೆಗಳು

*ಶುಗರ್ ಇರೋರು ಬೆಲ್ಲದ ರಸಾಯನ ತಿನ್ನಬಹುದಾ?*
ಬೆಲ್ಲ ಹಾಕಿದರೆ ಶುಗರ್ ಏರಲ್ಲ ಅನ್ನೋದು ತಪ್ಪು ತಿಳಿವಳಿಕೆ. ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ ಇರೋದು. ಜೊತೆಗೆ ಚುಕ್ಕೆ ಬಿದ್ದ ಹಣ್ಣಿನ ಸಕ್ಕರೆ ಬೇರೆ. ನಿಮ್ಮ ಡಾಕ್ಟರ್ ಹೇಳಿದ ಮಿತಿ ದಾಟಬೇಡಿ. ಕಿಡ್ನಿ ತೊಂದರೆ ಇರೋರಿಗೆ ಬಾಳೆಹಣ್ಣಿನ ಪೊಟ್ಯಾಸಿಯಂ ಸಮಸ್ಯೆ ಮಾಡಬಹುದು, ಕೇಳಿಯೇ ತಿನ್ನಿ.

*ಬೆಲ್ಲದ ಬದಲು ಜೇನುತುಪ್ಪ ಹಾಕಬಹುದಾ?*
ಹಾಕಬಹುದು. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಇರೋದನ್ನು ಕೊಡಬೇಡಿ. ಪುಟ್ಟ ಮಕ್ಕಳಿಗೆ ಇಡೀ ಗೋಡಂಬಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಪುಡಿ ಮಾಡಿ ಹಾಕಿ.

*ಹೆಚ್ಚಿದ ಹಣ್ಣು ಕಪ್ಪಾಗುತ್ತಲ್ಲ?*
ಗಾಳಿ ತಾಗಿದಾಗ ಹಣ್ಣಿನಲ್ಲೇ ಇರೋ ಕಿಣ್ವದಿಂದ ಬಣ್ಣ ತಿರುಗುತ್ತೆ, ಕೆಟ್ಟದ್ದಲ್ಲ. ನಾಲ್ಕು ಹನಿ ನಿಂಬೆರಸ ಹಾಕಿದರೆ ತಡವಾಗುತ್ತೆ. ಹಾಲು ಹಾಕೋ ಶೀಕರಣಿಗೆ ಮಾತ್ರ ನಿಂಬೆರಸ ಬೇಡ, ಹಾಲು ಒಡೆಯುತ್ತೆ.

*ಸಪಾದ ಎಷ್ಟು ಹೊತ್ತು ಇಡಬಹುದು?*
ಮಾಡಿದ ದಿನವೇ ತಿನ್ನೋದು ಒಳ್ಳೇದು. ಉಳಿದರೆ ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಸ್ವಲ್ಪ ಹಾಲು ಚಿಮುಕಿಸಿ ಬಿಸಿ ಮಾಡಿ.

ಮುಂದಿನ ಸಂತೆ ದಿನ ಹಣ್ಣಿನಂಗಡಿಗೆ ಹೋದಾಗ ಚುಕ್ಕೆ ಬಿದ್ದ ಚಿಪ್ಪು ಕಂಡರೆ ಮೂಸಿ ನೋಡಿ, ತೊಟ್ಟು ನೋಡಿ, ಬೆಲೆ ಕೇಳಿ. ವಾಸನೆ ಚೆನ್ನಾಗಿದ್ದರೆ ಚೀಲಕ್ಕೆ ಹಾಕ್ಕೊಳ್ಳಿ. ಉಳಿದ ಸಾಮಾನು ನಿಮ್ಮ ಅಡುಗೆಮನೆಯಲ್ಲೇ ಇದೆ.